ಕೂಗದ ಬಜರ್

ಸತ್ಯಭಾಮಾ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದರು. "ಯಾವ ಕಾಲು ಯಾವ್ದು ಅಂತ ನೋಡ್ದೆ ಟ್ರಾನ್ಸಿಸ್ಟರ್ ಹಾಕ್ತೀರೇನ್ರೋ?" ಎಂದು ಅವರಿಂದ ಬೈಸಿಕೊಳ್ಳದೆ ಯಾರೂ ಡಿಪ್ಲೊಮಾ ಮುಗಿಸಿರಲಿಲ್ಲ. ಯಡಿಯೂರಿನ ಅವರ ಮನೆಯಲ್ಲಿ ದಿನಾ ಬೆಳಿಗ್ಗೆ ಮೋಟರ್ ಹಾಕಿ, ಮೂರು ಮಹಡಿ ಹತ್ತಿ, ಟ್ಯಾಂಕಿನ ಮುಚ್ಚಳ ಸರಿಸಿ ನೋಡುತ್ತಿದ್ದವಳು ಕೆಲಸದ ಯಲ್ಲಮ್ಮ. ಹತ್ತುವಾಗ ಅವಳು ಮಂಡಿ ಹಿಡಿದುಕೊಳ್ಳುವುದು ಸತ್ಯಭಾಮಾ ಅವರ ಕಣ್ಣಿಗೆ ಬಿದ್ದದ್ದು ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ.

ಟ್ಯಾಂಕು ತುಂಬಿದಾಗ ಕೂಗುವ ಒಂದು ಬಜರ್ ಸಾಕಿತ್ತು. ಹಳೇ ಮೊಬೈಲ್ ಚಾರ್ಜರ್, ಟ್ಯಾಂಕಿನ ಬಾಯಿಯ ಹತ್ತಿರ ಎರಡು ತಂತಿ, ಡಬ್ಬಿಯಲ್ಲಿದ್ದ ಒಂದು ಟ್ರಾನ್ಸಿಸ್ಟರ್. ತುಂಬಿದ ನೀರು ತಂತಿಗಳನ್ನು ಮುಟ್ಟಿದಾಗ ಹರಿಯುವ ಕರೆಂಟು ತೀರಾ ಚೂರು, ಬಜರ್ ಕೂಗಿಸಲು ಸಾಲದು. ಅದನ್ನೇ ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ, ಅಂದರೆ ಬೇಸ್‌ಗೆ ಕೊಟ್ಟರೆ, ಅಕ್ಕಪಕ್ಕದ ಎರಡು ಕಾಲುಗಳಲ್ಲಿ, ಕಲೆಕ್ಟರ್‌ನಿಂದ ಎಮಿಟರ್‌ಗೆ, ಅದರ ನೂರಿನ್ನೂರು ಪಟ್ಟು ಹರಿದು ಬಜರ್ ಕೂಗುತ್ತದೆ. ದ್ರಾಕ್ಷಿ ನೆನೆಸಿದ್ದ ಉಪ್ಪುನೀರಿಗೆ ತಂತಿ ಅದ್ದಿ ನೋಡಿದರು. ಕೂಗಿತು.

"ಇನ್ನು ಹತ್ಬೇಡ ಯಲ್ಲಮ್ಮ. ಕೂಗಿದಾಗ ಸ್ವಿಚ್ ಆರ್ಸು, ಅಷ್ಟೇ."

"ನಿಮ್ಮ ಹೊಟ್ಟೆ ತಣ್ಣಗಿರ್ಲಮ್ಮ."

ಮಾರನೆಯ ದಿನ ನೀರು ತಾರಸಿಯಿಂದ ಮೆಟ್ಟಿಲಿಳಿದು ಮಗ ಮಾಧವನ ಷೂ ತೋಯಿಸಿತು.

"ಕಿವೀಲಿ ಫೋನ್ ಸಿಕ್ಕಿಸ್ಕೊಂಡಿದ್ರೆ ಬಜರ್ ಎಲ್ಲಿ ಕೇಳುತ್ತೆ?" ಅವನು ಯಲ್ಲಮ್ಮನ ಮೇಲೆ ರೇಗಿದ.

"ಅದು ಕೂಗ್ಲೇ ಇಲ್ಲ ಸಾಮಿ."

"ಅಮ್ಮ ಮಾಡಿರೋದು ಕೂಗ್ದೇ ಇರುತ್ತಾ?"

ಸತ್ಯಭಾಮಾ ಬಜರಿನ ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದರು. ಅವರಿಗೂ ಏನೂ ಕೇಳಿಸಿರಲಿಲ್ಲ. ಇನ್ನೊಂದು ಹುರುಳಿಕಾಯಿಯ ನಾರು ತೆಗೆದರು. ಯಲ್ಲಮ್ಮ ಮೂರು ಮಹಡಿಯ ಮೆಟ್ಟಿಲನ್ನೂ ಕೂತುಕೊಂಡೇ ಒರೆಸಿದಳು.

ಮಧ್ಯಾಹ್ನ ಭೂತಗನ್ನಡಿ ಹಿಡಿದು ಟ್ರಾನ್ಸಿಸ್ಟರಿನ ನಂಬರು ಓದಿದರು. ನೋಡಲು ಎಲ್ಲ ಒಂದೇ ಥರ ಕಪ್ಪಗೆ, ಆದರೆ ಈ ನಂಬರಿನದರಲ್ಲಿ ಕಲೆಕ್ಟರ್ ಇರಬೇಕಾದ ಕಡೆ ಎಮಿಟರ್; ಅವರು ಅದನ್ನು ಉಲ್ಟಾ ಹಾಕಿದ್ದರು. ತಿರುಗಿಸಿ ಹಾಕಿದರೂ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಿರುವುದಿಲ್ಲ. ನಾಲ್ಕೈದು ಪಟ್ಟು ಹೆಚ್ಚಿಸುತ್ತದೆ. ಉಪ್ಪುನೀರಲ್ಲಿ ಕರೆಂಟು ಧಾರಾಳ, ಅಷ್ಟಕ್ಕೇ ನಡೆದುಹೋಯಿತು. ಟ್ಯಾಂಕಿನ ನೀರಿಗೆ ಸಾಲಲಿಲ್ಲ. ಬಿಚ್ಚಿ, ಸರಿಯಾಗಿ ತಿರುಗಿಸಿ ಬೆಸುಗೆ ಹಾಕಿ, ಲೋಟದ ನಲ್ಲಿನೀರಿಗೆ ಅದ್ದಿದರು. ಕೂಗಿತು. ಯಾರಿಗೂ ಹೇಳದೆ ಗೋಡೆಗೆ ಸಿಕ್ಕಿಸಿಬಿಡಬಹುದು ಎಂದೂ ಅನ್ನಿಸಿತು. ಹಾಗೇ ಸಿಕ್ಕಿಸಿದರು.

ಬೆಳಿಗ್ಗೆ ಯಲ್ಲಮ್ಮ ಮೋಟರ್ ಹಾಕಿ ಮೆಟ್ಟಿಲ ಕಡೆಗೇ ಹೊರಟಳು.

"ಬಜರ್ ಇದ್ಯಲ್ಲ," ಎಂದ ಮಾಧವ.

"ಇರ್ಲಿ ಸಾಮಿ. ಇನ್ನೊಂದು ಸಲ ಅನ್ನಿಸ್ಕೊಳ್ಳಾಕಾಗಕಿಲ್ಲ."

"ನಿಂತ್ಕೋ ಯಲ್ಲಮ್ಮ," ಎಂದರು ಸತ್ಯಭಾಮಾ. "ಮಾಧವ, ಟ್ರಾನ್ಸಿಸ್ಟರ್ ಉಲ್ಟಾ ಹಾಕಿದ್ದೆ. ನಿನ್ನೆ ಅದು ಕೂಗ್ಲಿಲ್ಲ. ನಾನೂ ಅಲ್ಲೇ ಇದ್ದೆ."

ಮಾಧವ ನಕ್ಕುಬಿಟ್ಟ. "ಹೋಗ್ಲಿ ಬಿಡಮ್ಮ, ಯಾರಿಗಾದ್ರೂ ಆಗುತ್ತೆ."

ಎಷ್ಟು ಸಲೀಸಾಗಿ ಬಿಟ್ಟುಬಿಟ್ಟ! ಅವರಿಗೆ ಯಲ್ಲಮ್ಮನ ಮುಖ ನೋಡಲಾಗಲಿಲ್ಲ.

"ನಾನು ನಿನ್ನೇನೇ ಹೇಳಿದ್ನಲ್ಲಮ್ಮ," ಎಂದಳು ಅವಳು, ಅಷ್ಟೇ.

"ನೀನು ಇಲ್ಲೇ ಕೂತ್ಕೋ. ನಾನು ಹೋಗಿ ನೋಡ್ತೀನಿ."

ಎರಡನೇ ಮಹಡಿಗೇ ಅವರ ಮಂಡಿ ಹಿಡಿಯಿತು. ಮುಚ್ಚಳ ಅಷ್ಟು ಭಾರವೆಂದು ಗೊತ್ತಿರಲಿಲ್ಲ. ನೀರು ತಂತಿ ಮುಟ್ಟಿತು.

"ಕೂಗ್ತೈತೆ ಅಮ್ಮಾ!" ಕೆಳಗಿನಿಂದ ಯಲ್ಲಮ್ಮನ ದನಿ ಬಂತು. "ಇಳೀವಾಗ ಗೋಡೆ ಹಿಡ್ಕೊಳ್ಳಿ!"