ಕಾಜಕ್ಕೆ ಸವೆದ ಮೇಣದಬತ್ತಿ

ಹೊನ್ನಾವರದಲ್ಲಿ ಬಂದರಿನ ಕಡೆಯಿಂದ ಇಗರ್ಜಿಗೆ ತಿರುಗುವ ಮೂಲೆಯಲ್ಲಿ ಸಾಂತಾನ ದರ್ಜಿಯ ಅಂಗಡಿಯಿತ್ತು. ಅಂಗಡಿಯೆಂದರೆ ಮನೆಯ ಜಗಲಿಯೇ. ಒಂದು ಹೊಲಿಗೆ ಯಂತ್ರ, ಒಂದು ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಗಿರಾಕಿಗಳಿಗೆ ಕೂರಲು ಒಂದು ಬೆಂಚು, ಇಷ್ಟೇ. ಕೋಟು ಹೊಲಿಯುವುದರಲ್ಲಿ ಅವನಿಗೆ ಸರಿಗಟ್ಟುವವರು ಕುಮಟೆಯಿಂದ ಭಟ್ಕಳದವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದು ಮಾತ್ರ ಇಲ್ಲ. ಯಾರು ಕೇಳಿದರೂ "ನಾಳೆ ಆತು" ಎನ್ನುವನು. ಮದುವೆಯ ಮಾತು ಬಂದಾಗಲೂ ಹಾಗೆಯೇ ಅನ್ನುತ್ತ ಅನ್ನುತ್ತ ಅವನಿಗೆ ನಲವತ್ತು ತುಂಬಿತ್ತು. ಮನೆಯಲ್ಲಿ ಅವನು ಮತ್ತು ಅವನ ತಾಯಿ ಪಾಸ್ಕಿನ್ ಬಾಯಿ, ಇಬ್ಬರೇ.

೧೯೬೧ನೆಯ ಇಸವಿಯ ಡಿಸೆಂಬರಿನಲ್ಲಿ ಒಂದು ದಿನ ಕಮಲಾಕರ ಮಾಸ್ತರರು ನಾಲ್ಕನೆಯ ಸಲ ಬಂದು ಬೆಂಚಿನ ಮೇಲೆ ಕುಳಿತರು.

"ನಿಮ್ಮ ಯೇಸುಸ್ವಾಮಿ ಇನ್ನೊಂದು ಸಲ ಬರ್ತಾನೆ ಅಂತೀರಲ್ಲ ಸಾಂತಾನ, ಅವ ಬಂದು ಹೋದ್ರೂ ನನ್ನ ಕೋಟು ಆಗೂದಿಲ್ಲ ನೋಡು."

"ಬಂದ್ರೆ ಅವನಿಗೂ ಒಂದು ಅಂಗಿಯ ಅಳತೆ ತಗೊಂಡು ಕೂರಿಸ್ತೆ ಮಾಸ್ತರ್ರೇ. ಕಾಯ್ತಾನೆ."

ಇಬ್ಬರೂ ನಕ್ಕರು. ಒಳಗಿನಿಂದ ಪಾಸ್ಕಿನ್ ಬಾಯಿಯ ಸ್ವರ ಕೇಳಿತು. "ಕಾಯೂದು ಅವನಲ್ಲ ಪುತಾ, ನಾವು."

ಪಾಸ್ಕಿನ್ ಬಾಯಿ ಹೇಳಿದಂತೆ ನಡೆದವಳು. ಅವಳ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರೊಳಗೆ ತನ್ನನ್ನು ಮಣ್ಣು ಮಾಡುವಾಗ ಉಡಿಸಬೇಕಾದ ಬಿಳಿ ಸೀರೆ, ಒಂದು ಸಣ್ಣ ಶಿಲುಬೆ, ಬಟ್ಟೆಯಲ್ಲಿ ಸುತ್ತಿದ ಒಂದು ಮೇಣದಬತ್ತಿ. ಪ್ರತಿವರ್ಷ ಫೆಬ್ರವರಿ ಎರಡರಂದು ಪಾದ್ರಿಯವರು ಇಗರ್ಜಿಯಲ್ಲಿ ಬತ್ತಿಗಳನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಿದ್ದರು. ಜೀವ ಹೋಗುವ ಹೊತ್ತಿಗೆ ಅದನ್ನು ಹೊತ್ತಿಸಿ ಕೈಯಲ್ಲಿ ಹಿಡಿಸಬೇಕು. ಕರೆ ಬಂದಾಗ ಎಚ್ಚರವಾಗಿಯೇ ಇದ್ದೆ ಎಂದು ದೇವರಿಗೆ ತೋರಿಸುವುದು ಹಾಗೆ. ಶುದ್ಧ ಜೇನುಮೇಣದ ಬತ್ತಿ. ಬಟ್ಟೆ ಬಿಚ್ಚಿದರೆ ಜೇನಿನ ವಾಸನೆ ಬರುತ್ತಿತ್ತು. ಕಣ್ಣು ಮಂಜಾದ ಮೇಲೆ ಪಾಸ್ಕಿನ್ ಬಾಯಿ ಪ್ರತಿ ಶನಿವಾರ ಸಂಜೆ ಜಪಮಾಲೆ ಮುಗಿಸಿ ಮಗನನ್ನು ಕೇಳುವಳು:

"ಸಾಂತಾನಾ, ಬತ್ತಿ ಉಂಟೋ?"

"ಉಂಟು ಮಾಂಯ್."

ಕೋಟಿನ ಕಾಜ, ಎಂದರೆ ಗುಂಡಿ ಹಾಕುವ ತೂತಿನ ಅಂಚು, ಕೈಯಲ್ಲೇ ಹೊಲಿಯಬೇಕು. ಅದರ ದಾರವನ್ನು ಜೇನುಮೇಣಕ್ಕೆ ತಿಕ್ಕದಿದ್ದರೆ ಸಿಕ್ಕಾಗುತ್ತದೆ, ಬೇಗ ಹರಿಯುತ್ತದೆ. ಗೇರುಸೊಪ್ಪೆಯ ಕಡೆಯಿಂದ ಮೇಣ ತಂದುಕೊಡುತ್ತಿದ್ದ ಈರ ಆ ಸಲ ಬರಲಿಲ್ಲ. ಕ್ರಿಸ್ಮಸ್ಸಿಗೆ ಒಂದೇ ವಾರವಿತ್ತು. ಹನ್ನೊಂದು ಕೋಟುಗಳು ಗೂಟದಲ್ಲಿ ನೇತಾಡುತ್ತಿದ್ದವು. ತಾಯಿ ಹಿತ್ತಲಲ್ಲಿದ್ದಾಗ ಸಾಂತಾನ ಮಂಚದ ಕೆಳಗೆ ಕೈ ಹಾಕಿದ. ಒಂದು ತುಂಡು ಸಾಕು ಎಂದುಕೊಂಡಿದ್ದ. ವಾರ ಮುಗಿಯುವಷ್ಟರಲ್ಲಿ ನಡುವಿನ ನೂಲಷ್ಟೇ ಉಳಿಯಿತು. ಪೇಟೆಯಲ್ಲಿ ಕೊಂಡ ಬಿಳಿ ಮೇಣದಬತ್ತಿಯೊಂದನ್ನು ಅದೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ಫೆಬ್ರವರಿ ಎರಡು ಎಷ್ಟು ದೂರ? ಹೊಸದು ಬಂದೇ ಬರುತ್ತದೆ.

ಈ ಸಲ ಹೇಳಿದ ದಿನವೇ ಕೋಟು ಸಿಕ್ಕಿದ್ದಕ್ಕೆ ಕಮಲಾಕರ ಮಾಸ್ತರರು ಬೆರಗಾಗಿ, "ಎಂತ ಮಾರಾಯಾ, ಸೂರ್ಯ ಯಾವ ಕಡೆ ಹುಟ್ಟಿದ?" ಎಂದರು.

ಅನಂತರ ಐದು ಶನಿವಾರಗಳು ಬಂದವು. ಐದು ಸಲವೂ ತಾಯಿ ಕೇಳಿದಳು. ಐದು ಸಲವೂ ಸಾಂತಾನ "ಉಂಟು ಮಾಂಯ್" ಎಂದ. ದಿನಾ ಇಗರ್ಜಿಯ ಮುಂದಿನಿಂದಲೇ ಹೋಗಿಬರುತ್ತಿದ್ದ. ಒಳಹೊಕ್ಕು ಪಾದ್ರಿಯವರಿಗೆ ಒಂದು ಮಾತು ಹೇಳಿದ್ದರೆ ಆ ಬಿಳಿಯ ಬತ್ತಿಯನ್ನೇ ಆಶೀರ್ವದಿಸಿ ಕೊಡುತ್ತಿದ್ದರು. ಆದರೆ ಹಳೆಯದು ಏನಾಯಿತೆಂದು ಕೇಳಿಯಾರು ಎಂಬ ಅಂಜಿಕೆ. ನಾಳೆ ಹೇಳಿದರಾಯಿತು ಎಂದುಕೊಂಡು ಮುಂದೆ ಹೋಗುವನು.

ಜನವರಿ ಇಪ್ಪತ್ತೈದರ ಮಧ್ಯಾಹ್ನ ಪಾಸ್ಕಿನ್ ಬಾಯಿಗೆ ಗಂಜಿ ಉಣ್ಣುವಾಗ ಎದೆ ಹಿಡಿಯಿತು. ನೆರೆಮನೆಯ ಬಂಗಾರಿ ಓಡಿಬಂದು ಬೆನ್ನು ತಿಕ್ಕಿದಳು. ಸಾಂತಾನ ಇಗರ್ಜಿಗೆ ಓಡಿದ; ಪಾದ್ರಿಯವರು ಬೆಳಿಗ್ಗೆಯೇ ಲಾಂಚಿನಲ್ಲಿ ಗೇರುಸೊಪ್ಪೆಗೆ ಹೋಗಿದ್ದರು, ಬರುವುದು ಸಂಜೆಗೆ. ಏದುಸಿರು ಬಿಡುತ್ತ ಹಿಂದಿರುಗಿದಾಗ ಬಂಗಾರಿ ಆಗಲೇ ಪೆಟ್ಟಿಗೆಯನ್ನು ಹೊರಗೆಳೆದಿದ್ದಳು.

"ಸಾಂತಣ್ಣ, ಬತ್ತಿ ಬತ್ತಿ ಅಂತೇ ಹೇಳ್ತದೆ ಬಾಯಿ. ಬೇಗ ಹಚ್ಚು."

ಅವನು ಬಟ್ಟೆ ಬಿಚ್ಚಿದ. ಎರಡು ಕಡ್ಡಿ ಗೀರಿದ, ಎರಡೂ ಆರಿದವು. ಮೂರನೆಯದನ್ನು ಗೀರುವ ಮೊದಲು ತಾಯಿ ಕೈ ಚಾಚಿ ಬತ್ತಿಯನ್ನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು.

"ವಾಸನೆ ಇಲ್ಲವಲ್ಲ ಪುತಾ."

ಹೇಳಿಬಿಡಲು ಅದೇ ಹೊತ್ತು.

"ಹಳತಾಯ್ತಲ್ಲ ಮಾಂಯ್, ವಾಸನೆ ಹೋಗಿದೆ" ಎಂದ.

ಪಾಸ್ಕಿನ್ ಬಾಯಿ ಬತ್ತಿಯನ್ನು ಅವನ ಕೈಗೆ ಮರಳಿಸಿದಳು. ಆಮೇಲೆ "ಆತು, ಹಚ್ಚು" ಎಂದು ಬತ್ತಿ ಹಿಡಿದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಬತ್ತಿ ಒಂದು ಬೆರಳಷ್ಟೂ ಉರಿದಿರಲಿಲ್ಲ, ಆ ಕೈ ಸಡಿಲವಾಯಿತು. ಅವಳಿಗೆ ತಿಳಿದಿತ್ತೋ ಇಲ್ಲವೋ, ಸಾಂತಾನನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮರುದಿನ ಮಣ್ಣಿಗೆ ಬಂದವರಲ್ಲಿ ಕಮಲಾಕರ ಮಾಸ್ತರರೂ ಇದ್ದರು, ಆ ಕೋಟು ತೊಟ್ಟುಕೊಂಡೇ. ಸಾಂತಾನ ಇಡೀ ಹೊತ್ತು ನೋಡಿದ್ದು ಅದರ ಮೂರು ಕಾಜಗಳನ್ನು. ಒಂದು ಎಳೆಯೂ ಎದ್ದಿರಲಿಲ್ಲ. ಅಷ್ಟು ನೇರ, ಅಷ್ಟು ನುಣುಪು. ಮಾಸ್ತರರು ಅವನ ಹೆಗಲು ತಟ್ಟಿ, "ಬಾಯಿ ಪುಣ್ಯವಂತೆ, ಎಲ್ಲ ತಯಾರು ಮಾಡಿಟ್ಟೇ ಹೋಯ್ತು" ಎಂದಾಗ ಅವನು ತಲೆ ತಗ್ಗಿಸಿದ.

ಆ ಶನಿವಾರವೇ ಪಾಪನಿವೇದನೆಗೆ ಹೋಗಿ ಮೊಣಕಾಲೂರಿದ. ಐದು ಶನಿವಾರ ತಾಯಿಗೆ ಉಂಟು ಎಂದದ್ದನ್ನೂ ಕೊನೆಗೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ವಾಸನೆಯಿಲ್ಲದ ಪೇಟೆಯ ಬತ್ತಿ ಎಂಬುದನ್ನೂ ಅಷ್ಟೇ ಹೇಳಿ, "ಮಾಂಯನ್ನು ಬರಿಗೈಯಲ್ಲಿ ಕಳಿಸಿದೆ" ಎಂದು ಅತ್ತ.

ಪಾದ್ರಿಯವರು ಅಳು ನಿಲ್ಲುವವರೆಗೆ ಕಾದರು. "ನಿನ್ನ ತಾಯಿ ಎಪ್ಪತ್ತು ವರ್ಷ ಎಚ್ಚರವಾಗಿದ್ದವಳು. ದೇವರು ಅವಳನ್ನು ಮೇಣದ ವಾಸನೆಯಿಂದ ಗುರುತು ಹಿಡಿಯುವುದಿಲ್ಲ. ಅವಳ ಚಿಂತೆ ಬಿಡು. ಐದು ಶನಿವಾರ ನೋಡದೆ 'ಉಂಟು' ಎಂದವನ ವಿಷಯ ಹೇಳು."

ನೋಡದೆ ಅಂದದ್ದಲ್ಲ, ಇಲ್ಲವೆಂದು ಗೊತ್ತಿದ್ದೇ ಅಂದದ್ದು ಎಂದು ಸಾಂತಾನ ಆಗ ಬಾಯಿಬಿಟ್ಟು ಹೇಳಿದ. ಪಾಪಕ್ಷಮೆ ಸಿಕ್ಕಿತು. ಆದರೆ ಎದೆಯ ಭಾರ ಪೂರ್ತಿ ಇಳಿಯಲಿಲ್ಲ.

ಫೆಬ್ರವರಿ ಎರಡರಂದು ಹೊಸ ಬತ್ತಿ ತಂದು ತಾಯಿಯ ಪೆಟ್ಟಿಗೆಯಲ್ಲಿಟ್ಟ. ಬೇಲಿಯ ಹತ್ತಿರ ಹೋಗಿ ಬಂಗಾರಿಯನ್ನು ಕರೆದು ನಡೆದದ್ದನ್ನೆಲ್ಲ ಹೇಳಿದ. ಅವಳು ಗಲ್ಲದ ಮೇಲೆ ಕೈಯಿಟ್ಟು ಕೇಳಿ, "ಅಯ್ಯೋ ಸಾಂತಣ್ಣ, ನಾನೇ ಹಚ್ಚು ಹಚ್ಚು ಅಂದೆನಲ್ಲ" ಎಂದಳು.

"ನಿನಗೊಂದು ಕೆಲಸ ಉಂಟು ತಂಗೀ. ನನ್ನ ಕೇಳೂಕೆ ಈಗ ಯಾರೂ ಇಲ್ಲ. ಶನಿವಾರ ಶನಿವಾರ ನೀನು ಕೇಳಬೇಕು."

ಬಂಗಾರಿ ಹಿಂದೂ ಹೆಂಗಸು; ಆದರೂ ಒಂದು ಶನಿವಾರವೂ ತಪ್ಪಿಸಲಿಲ್ಲ. ಇಗರ್ಜಿಯ ಸಂಜೆಯ ಗಂಟೆ ನಿಂತೊಡನೆ ಬೇಲಿಯಾಚೆಯಿಂದ ಕೂಗುವಳು: "ಸಾಂತಣ್ಣ, ಬತ್ತಿ ಉಂಟೋ?"

ಗಿರಾಕಿಗಳು ಕಾದಿರಲಿ, ಇಸ್ತ್ರಿ ಆರುತ್ತಿರಲಿ, ಸಾಂತಾನ ಕತ್ತರಿ ಕೆಳಗಿಟ್ಟು ಒಳಗೆ ಹೋಗುವನು. ಪೆಟ್ಟಿಗೆ ಎಳೆದು, ಬಟ್ಟೆ ಬಿಚ್ಚಿ, ಬತ್ತಿಯನ್ನು ಮೂಗಿಗೆ ಹಿಡಿದು ನೋಡುವನು. ಅನಂತರವೇ ಹೊರಗೆ ಬಂದು ಉತ್ತರ ಕೊಡುವನು.