ಪಾದ ಮುಟ್ಟಿದೆ, ನಾಡಿ ನೋಡಲಿಲ್ಲ

ಇದನ್ನು ಬರೆಯಲು ಎಷ್ಟೋ ಸಲ ಕುಳಿತು ಎದ್ದು ಹೋಗಿದ್ದೇನೆ. ಕೊರೊನಾ ಕಳೆದ ಮರುವರ್ಷದ ಮಾತು. ಆಗ ನಾನು ಸಿಂಧನೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಡ್ರೆಸ್ಸರ್, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವನು. ಓದಿದ್ದು ಎಸ್ಸೆಸ್ಸೆಲ್ಸಿ. ಮನೆ ಮಸ್ಕಿಯಲ್ಲಿ.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಿಂದ ನಮ್ಮ ಮನೆತನದ ಗುರುಗಳಾದ ಐನೋರು ಪ್ರತಿ ಶ್ರಾವಣದಲ್ಲಿ ಪಾದಪೂಜೆಗೆ ಬರುತ್ತಿದ್ದರು. ಊರೂರು ನಡೆದು ಭಕ್ತರ ಮನೆ ಮುಟ್ಟುವುದೇ ಅವರ ಬದುಕು. ಆ ವರ್ಷ, ಸ್ವಲ್ಪ ನಡೆದರೆ ಮೀನಖಂಡ ಹಿಡಿಯುತ್ತದೆ, ಕೂತರೆ ಬಿಡುತ್ತದೆ ಎಂದರು. ಎಡಗಾಲಿನ ಹೆಬ್ಬೆರಳಲ್ಲಿ ಮಾಯದ ಗಾಯವಿತ್ತು. ಪಾದ ತೊಳೆದು ಹಣೆ ಹಚ್ಚಿದಾಗ ಆ ಪಾದ ತಣ್ಣಗಿತ್ತು. ನೀರಿನ ತಂಪು ಎಂದುಕೊಂಡೆ. ಬಲಪಾದಕ್ಕೂ ಅದೇ ನೀರು ಹಾಕಿದ್ದೆ, ಅದು ಬೆಚ್ಚಗಿತ್ತು. ಅದು ತಲೆಗೆ ಹೋಗಲಿಲ್ಲ.

ಐನೋರನ್ನು ದವಾಖಾನೆಯ ಸಾಲಿನಲ್ಲಿ ಕೂರಿಸುವುದೆಂತು? ಅವರ ಮನೆಗೇ ಹೋಗಿ, ಗಾಯಕ್ಕೆ ಮುಲಾಮು ಹಚ್ಚಿ, ಮೀನಖಂಡಕ್ಕೆ ಬಿಗಿಯಾಗಿ ಕ್ರೇಪ್ ಬ್ಯಾಂಡೇಜ್ ಸುತ್ತತೊಡಗಿದೆ.

"ಈರಣ್ಣ, ಇನ್ನ ಭಕ್ತರು ನಿನ್ನ ಪಟ್ಟಿಗೇ ವಿಭೂತಿ ಹಚ್ಚತಾರ ನೋಡಲೇ," ಎಂದು ಐನೋರು ನಗುತ್ತಿದ್ದರು.

ಅವರ ಹೆಂಡತಿ ನಗಲಿಲ್ಲ. "ಪಾದ ರಾತ್ರಿನೂ ತಣ್ಣಗಿರ್ತದ ಈರಣ್ಣ. ದೊಡ್ಡ ದವಾಖಾನಿಗಿ ಕರಕೊಂಡು ಹೋಗ್ಲೇನು?"

"ಅವ್ವಾರ, ಇಷ್ಟು ವರ್ಷ ಪಟ್ಟಿ ಕಟ್ಟೀನಿ. ನನಗ ಕಲಸಾಕ ಬರಬ್ಯಾಡ್ರಿ," ಎಂದೆ. ಕೂತಿದ್ದವರೆಲ್ಲ ನಕ್ಕರು. ಆಕೆ ಒಳಗೆ ಹೋದರು.

ಬೆರಳು ಕಪ್ಪಾದ ಮೇಲೆ ಹೈದರಾಬಾದಿಗೆ ಒಯ್ದೆವು. ಅಲ್ಲಿನ ಡಾಕ್ಟರು ನಮ್ಮ ಕಡೆಯವರೇ. ತೊಡೆಯ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ, ತೊಡೆಸಂದಿನಿಂದ ಸಣ್ಣ ಕೇಬಲ್ ಇಳಿಸಿ, ಅದರ ತುದಿಯ ಲೇಸರ್ ಬೆಳಕಿನಿಂದ ಆ ಕೊಬ್ಬನ್ನು ಒಡೆದು ದಾರಿ ಮಾಡುತ್ತೇವೆ ಎಂದರು. ಹೊರಗಿನ ಬೆಂಚಿನ ಮೇಲೆ ನನ್ನ ಕೈಗೆ ಮಾಡಲು ಏನೂ ಕೆಲಸವಿರಲಿಲ್ಲ.

ಲೇಸರ್ ತನ್ನ ಕೆಲಸ ಮಾಡಿತ್ತು. ಡಾಕ್ಟರು ಪರದೆಯಲ್ಲಿ ತೋರಿಸಿದರು: ತೊಡೆಯಿಂದ ರಕ್ತ ಸರಾಗ ಇಳಿದು, ಪಾದದ ಹತ್ತಿರ ನಿಂತುಬಿಟ್ಟಿತ್ತು. ಕೆಳಗಿನ ಸಣ್ಣ ನಾಳಗಳು ಸತ್ತಿದ್ದವು. "ಮೊದಲೇ ಯಾಕ ತರಲಿಲ್ಲ?" ಎಂದು ಕೇಳಿದರು.

ಐನೋರ ತಮ್ಮ ಅತ್ತಿಗೆಯ ಕಡೆ ಕೈ ಮಾಡಿದ. "ಈಕಿನೇ ರೀ, ಮನಿಯಾಗ ಕುಂದರಿಸಿಟ್ಟಾಳ!"

ಆಕೆ ನನ್ನ ಮುಖ ನೋಡಿದರು. ನಾನು ಪರದೆ ನೋಡುತ್ತ ನಿಂತೆ.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಯಾರೂ ಇಲ್ಲದ ಹೊತ್ತಿನಲ್ಲಿ ಐನೋರ ಮುಂದೆ ಬಿದ್ದು ತಪ್ಪು ಒಪ್ಪಿಕೊಂಡೆ. "ಒಂದೇ ಉಳದದಲ್ಲೋ, ಯಾವ ಕಾಲಿಗೆ ಬೀಳ್ತಿ?" ಎಂದು ನಕ್ಕು, ತಲೆ ಸವರಿದರು. ಮುಂದಿನ ಶ್ರಾವಣಕ್ಕೆ ಅವರು ಇರಲಿಲ್ಲ. ಗಂಡನ ಕಾಲು ಕಳೆದವಳೆಂದು ಆ ಮನೆಯವರು ಇಂದಿಗೂ ಆಕೆಯನ್ನೇ ಅನ್ನುತ್ತಾರೆ.

ನಡೆದರೆ ನೋಯುವ, ನಿಂತರೆ ಬಿಡುವ ಕಾಲು ಕಂಡರೆ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಬೇಕು. ಸಿಗದಿದ್ದರೆ, ಇರುವ ರಕ್ತವನ್ನೂ ತಡೆಯುವ ಬಿಗಿ ಪಟ್ಟಿ ಕಟ್ಟದೆ, ಅಂದೇ ಡಾಕ್ಟರ ಹತ್ತಿರ ಕಳಿಸಬೇಕು. ಮನೆಯವರು ಪಾದ ತಣ್ಣಗಿದೆ ಅಂದರೆ ಮೊದಲು ಅವರ ಮಾತು ಕೇಳಬೇಕು. ನನಗೆ ಈ ಮಾತು ಹೇಳಿದ್ದವರು, ನಾನು ಇಂದಿಗೂ ಕ್ಷಮೆ ಕೇಳದವರು, ಆ ಅವ್ವಾರು, ಗುರುಗುಂಟಾದ ಶಾಂತಮ್ಮ.