ಮಚ್ಚು ಕಿತ್ತುಕೊಂಡರು, ಬಾಟಲಿ ಕೈಲೇ ಬಿಟ್ಟರು

ಹತ್ತು ದಿನದ ಹಿಂದೆ ನಮ್ಮ ಅಂಗಳದಲ್ಲಿ ನನ್ನ ತಂಗಿಯ ಮಗ ರಂಗ ತನ್ನ ಮೇಸ್ತ್ರಿಯ ಮೇಲೆ ಮಚ್ಚು ಎತ್ತಿದ.

ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಸುಲಿಸಿದ ದಿನ. ಸಂಜೆ ಕೂಲಿಯ ಜೊತೆ ಆಳಿಗೊಂದು ಕ್ವಾರ್ಟರ್ ಕೊಡುವುದು ನಮ್ಮ ಕಡೆ ರೂಢಿ. (ಕೊಡದಿದ್ದರೆ ಮುಂದಿನ ಸಲ ಫೋನೇ ಎತ್ತುವುದಿಲ್ಲ.) ಕುಡಿದ ಸ್ವಲ್ಪ ಹೊತ್ತಿಗೆ ರಂಗ ಎದ್ದ.

"ಆಗ್ಲಿಂದ ನನ್ ಕಿವೀಲಿ ಬಯ್ತಿರೋನು ನೀನೇ ಕಣ್ಲಾ!"

ಎಲ್ಲರೂ ಓಡಿದರು. ನನಗೆ ಮಂಡಿನೋವು, ಎಲ್ಲಿಗೆ ಓಡಲಿ? "ರಂಗ, ಅದನ್ನ ಕೆಳಗಿಡು. ಮುದ್ದೆ ಆರೋಯ್ತದೆ" ಎಂದೆ. ಇಟ್ಟ. ಉಂಡ. ಇಟ್ಟನೆಂದು ಬದುಕಿದೆವು, ಅಷ್ಟೇ.

ಬೆಳಗ್ಗೆ ಮೇಸ್ತ್ರಿ ಕುಮಾರ ಬಂದ. "ಅಜ್ಜಿ, ಇನ್ಮೇಲೆ ಅವ್ನು ನಮ್ ಗ್ಯಾಂಗಿಗೆ ಬ್ಯಾಡ. ಹುಚ್ಚನ ಕೈಗೆ ಮಚ್ಚು ಕೊಡಾಕಾಯ್ತದಾ?"

ಮನಸ್ಸಿನ ಕಾಯಿಲೆಗೆ ದಿನಾ ಮಾತ್ರೆ ನುಂಗುವ ರಂಗನಿಗೆ ಆ ಕೆಲಸ ಬಿಟ್ಟರೆ ಬೇರೆ ಗತಿಯಿಲ್ಲ.

"ಇಷ್ಟು ವರ್ಷ ಮಚ್ಚು ಅವನ ಕೈಲೇ ಇತ್ತಲ್ಲ. ಯಾರನ್ನ ಗೀರಿದ್ದ?"

"ಯಾರ್ನೂ ಇಲ್ಲ."

"ನಿನ್ನೆ ಹೊಸದಾಗಿ ಏನು ಕೊಟ್ಟೆ?"

ಕುಮಾರ ತಲೆ ಕೆರೆದುಕೊಂಡ. "ಪ್ರತಿ ಸಲಾನೂ ಎಲ್ರಿಗೂ ಕೊಟ್ಟು ಅವ್ನೊಬ್ಬನ್ನ ಬಿಟ್ರೆ ಬೇಜಾರು ಮಾಡ್ಕತಾನೆ ಅಂತ... ಎಣ್ಣೆ ಜೊತೆ ಮಾತ್ರೆ ಬ್ಯಾಡ, ಇವತ್ತು ಬುಡು ಅಂದೆ."

ನೋಡಿ, ಎಂಥ ಮರ್ಯಾದೆ! ತಾರತಮ್ಯ ಮಾಡಬಾರದೆಂದು ಬಾಟಲಿ ಕೊಟ್ಟರು. ಬಾಟಲಿಗೋಸ್ಕರ ಮಾತ್ರೆ ಬಿಡಿಸಿದರು. ಆಮೇಲೆ ಹುಚ್ಚ ಎಂದರು.

ರಂಗನನ್ನು ತಿಪಟೂರಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬೈದರು, ಅವನಿಗಲ್ಲ, ನನಗೆ. "ಈ ಕಾಯಿಲೆ ಇರೋರೆಲ್ಲ ಕೈ ಎತ್ತಲ್ಲ ಕಣಮ್ಮ. ಕುಡಿತ ಸೇರಿ ಮಾತ್ರೆ ತಪ್ಪಿದ್ರೆ ಅಪಾಯ ಜಾಸ್ತಿ. ನಿಮ್ಮನೇಲೇ ಬಾಟಲಿ ಹಂಚಿದ್ರೆ ನಾನೇನು ಮಾಡ್ಲಿ?" ಒಂದು ವಾರ ಮಚ್ಚು ಮುಟ್ಟಿಸಬೇಡಿ ಎಂದರು. ಮುಟ್ಟಿಸಲಿಲ್ಲ. ಮತ್ತೆ ತೋರಿಸಿದೆ, ಆಗಬಹುದು ಎಂದರು.

ಕುಮಾರನಿಗೆ ಹೇಳಿ ಕಳಿಸಿದೆ: ಇನ್ನು ನಮ್ಮ ಮನೆಯಲ್ಲಿ ಯಾರಿಗೂ ಬಾಟಲಿ ಇಲ್ಲ, ಎಲ್ಲರಿಗೂ ಬಾಡೂಟ. ರಂಗನೂ ಇರುತ್ತಾನೆ.

"ಬಾಡೂಟ ಸರಿ ಅಜ್ಜಿ, ಎಣ್ಣೆ ಇಲ್ದಿದ್ರೆ ಹುಡುಗ್ರು ಬರಾಕಿಲ್ಲ" ಎಂದ.

ಅಟ್ಟದಲ್ಲಿ ಇನ್ನೂ ಅರ್ಧದಷ್ಟು ಕಾಯಿ ಇದೆ. ರಂಗ ಬೆಳಗ್ಗೆಯೇ ಬಂದ, ನನ್ನೆದುರಿಗೇ ಮಾತ್ರೆ ನುಂಗಿದ, ಈಗ ಒಬ್ಬನೇ ಸುಲಿಯುತ್ತಿದ್ದಾನೆ. ಬುದ್ಧಿ ನೆಟ್ಟಗಿರುವವರು ಒಬ್ಬರೂ ಬಂದಿಲ್ಲ.

ಹೇಳಿ, ಮಾತ್ರೆ ಬೇಕಾಗಿರುವುದು ಯಾರಿಗೆ?